ಗಟ್ಟಿ ಉಕ್ಕಿಗೊಂದು ಸಣ್ಣ ರಂಧ್ರ

ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತನು. ಎಡಗಣ್ಣಿನ ಹುಬ್ಬಿನ ಮೇಲೆ ಔಷಧದ ಪಟ್ಟಿ. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಬಿಚ್ಚಿ ನೋಡಿದರೆ ಗೋಡೆ ಗಡಿಯಾರದ ಸ್ಪ್ರಿಂಗು ಮತ್ತು ಮೂರು ಬೈರಿಗೆಗಳ ಅವಶೇಷ. ಅವನ ಅಜ್ಜನ ಕಾಲದ, ಕೀಲಿ ಕೊಟ್ಟು ನಡೆಸುವ ಗಡಿಯಾರ ಅದು. ಸ್ಪ್ರಿಂಗಿನ ಹೊರತುದಿಯಲ್ಲಿ ಒಂದು ರಂಧ್ರವಿರುತ್ತದೆ. ಅದನ್ನು ಒಂದು ಗೂಟಕ್ಕೆ ಸಿಕ್ಕಿಸಿರುತ್ತಾರೆ. ಸ್ಪ್ರಿಂಗು ಆ ರಂಧ್ರದ ಬಳಿಯೇ ಮುರಿದಿತ್ತು. ಉಳಿದ ಭಾಗಕ್ಕೆ ಏನೂ ಆಗಿರಲಿಲ್ಲ. ತುದಿಯಲ್ಲಿ 3 ಮಿಲಿಮೀಟರ್ ವ್ಯಾಸದ ಹೊಸ ರಂಧ್ರವೊಂದನ್ನು ಕೊರೆದರೆ ಗಡಿಯಾರ ಮತ್ತೆ ನಡೆಯುವುದೆಂದು ಹುಡುಗನು ಸರಿಯಾಗಿಯೇ ಊಹಿಸಿದ್ದನು. ಮನೆಯಲ್ಲಿದ್ದ ವಿದ್ಯುತ್ ಬೈರಿಗೆ ಯಂತ್ರಕ್ಕೆ ಅಂಗಡಿಯಿಂದ ತಂದ ಮೊದಲ ಬೈರಿಗೆಯನ್ನು ಹಾಕಿದ. ಅದರ ಮೊನೆ ನೀಲಿಗಟ್ಟಿ ಮೊಂಡಾಯಿತು. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದರ ಮೇಲೆ ಮೈಭಾರವನ್ನೆಲ್ಲ ಹಾಕಿದ. ಅದು ಪಟ್ಟನೆ ಮುರಿದು ಚೂರೊಂದು ಹುಬ್ಬಿಗೆ ತಗಲಿತು. ಅರ್ಧ ಅಂಗುಲ ಕೆಳಗೆ ತಗಲಿದ್ದರೆ ಈ ಲೇಖನದ ಧಾಟಿಯೇ ಬೇರೆಯಾಗುತ್ತಿತ್ತು.

ಅವನು ಕೇಳಿದ ಪ್ರಶ್ನೆ ಇಷ್ಟೆ: “ಸರ್, ಇದಕ್ಕಿಂತ ಗಟ್ಟಿಯಾದ ಬೈರಿಗೆ ಎಲ್ಲಿ ಸಿಗುತ್ತದೆ?”

ಈ ಪ್ರಶ್ನೆಯನ್ನು ನಾನು ಹಲವು ದಿನ ಮೆಲುಕು ಹಾಕಿದೆ. ಮೂರು ಬೈರಿಗೆಗಳನ್ನು ಕಳೆದುಕೊಂಡ ಮೇಲೂ ಅವನು ಬೈರಿಗೆಯ ಬಗೆಗೇ ಯೋಚಿಸುತ್ತಿದ್ದನಲ್ಲದೆ ಉಕ್ಕಿನ ಬಗೆಗೆ ಒಂದು ಮಾತನ್ನೂ ಕೇಳಲಿಲ್ಲ. ಅವನು ತರಗತಿಯ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ. ಆದುದರಿಂದ ಈ ದೋಷದಲ್ಲಿ ನಮ್ಮ ಪಾಠಕ್ರಮದ ಪಾಲೂ, ಪಾಠ ಹೇಳುವ ನನ್ನಂಥವರ ಪಾಲೂ ಉಂಟೆಂದು ಒಪ್ಪಬೇಕಾಗುತ್ತದೆ. ಗಟ್ಟಿ ಉಕ್ಕಿಗೆ ಸಣ್ಣ ರಂಧ್ರ ಕೊರೆಯಬೇಕಾದ ವಿದ್ಯಾರ್ಥಿಯು ಅಂಗಡಿಗೆ ಹೋಗುವುದಕ್ಕೆ ಮೊದಲು ಉಕ್ಕಿನ ಹದವನ್ನು ಬದಲಿಸಲು ಕಲಿಯಬೇಕು, ಅದನ್ನು ಕಲಿಸುವ ಸ್ಥಳ ಭೌತಶಾಸ್ತ್ರದ ಪ್ರಯೋಗಶಾಲೆಯೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಉಕ್ಕು ಗಟ್ಟಿ ಎಂದರೇನು? ನಮ್ಮ ಪ್ರಯೋಗಶಾಲೆಗಳಲ್ಲಿ ವರ್ಷವರ್ಷವೂ ಯಂಗನ ಗುಣಾಂಕವನ್ನು ಅಳೆಯಿಸುತ್ತೇವೆ. ಉಕ್ಕಿಗೆ ಅದರ ಬೆಲೆ ಸುಮಾರು 200 ಗಿಗಾಪ್ಯಾಸ್ಕಲ್. ಹದಗೊಳಿಸಿದ ಗಟ್ಟಿ ಸ್ಪ್ರಿಂಗಿನ ಉಕ್ಕನ್ನೂ, ಅದನ್ನೇ ಕಾಸಿ ಮೆತ್ತಗೆ ಮಾಡಿದ ಉಕ್ಕನ್ನೂ ಅಳೆದು ನೋಡಿದರೆ ಎರಡರಲ್ಲೂ ಹೆಚ್ಚುಕಡಿಮೆ ಅದೇ ಸಂಖ್ಯೆ ಬರುತ್ತದೆ! ನಾವು ಅಷ್ಟು ಶ್ರದ್ಧೆಯಿಂದ ಮಾಡುವ ಪ್ರಯೋಗಕ್ಕೆ ಇವೆರಡರ ಭೇದವೇ ಕಾಣಿಸುವುದಿಲ್ಲ. ಯಂಗನ ಗುಣಾಂಕವು ಪರಮಾಣುಗಳ ನಡುವಣ ಬಂಧದ ಬಿಗಿಯನ್ನು ಹೇಳುತ್ತದೆ. ಕಾಸುವುದರಿಂದ ಆ ಬಂಧ ಬದಲಾಗದು. ಬದಲಾಗುವುದು ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವ ಸೌಕರ್ಯ. ಜಾರುವುದು ಸುಲಭವಾದರೆ ಲೋಹ ಮೆತ್ತಗೆ, ಕಷ್ಟವಾದರೆ ಗಟ್ಟಿ. ಬೈರಿಗೆಯ ಅಂಚು ಚೂರನ್ನು ಎಬ್ಬಿಸಬೇಕಾದರೆ ಈ ಪದರಗಳನ್ನೇ ಜಾರಿಸಬೇಕು. ಹೀಗೆ ಪ್ರಯೋಗಶಾಲೆಯ ಉಪಕರಣಕ್ಕೆ ಸಿಗದ ಭೇದವನ್ನು ಹತ್ತಾರು ರೂಪಾಯಿಯ ಬೈರಿಗೆಯೊಂದು ಒಂದು ನಿಮಿಷದಲ್ಲಿ ತಿಳಿಸಿಬಿಡುತ್ತದೆ.

ಈ ಗಟ್ಟಿತನವನ್ನು, ಎಂದರೆ ಕಾಠಿನ್ಯವನ್ನು, ಅಳೆಯುವ ಕ್ರಮಗಳಲ್ಲಿ ವಿಕರ್ಸ್ ಕ್ರಮ ಒಂದು. ವಜ್ರದ ಮೊನೆಯನ್ನು ಗೊತ್ತಾದ ಭಾರದಿಂದ ಲೋಹಕ್ಕೆ ಒತ್ತಿ, ಬಿದ್ದ ಗುಳಿಯ ಗಾತ್ರವನ್ನು ಅಳೆಯುತ್ತಾರೆ. ಕಾಸಿ ನಿಧಾನವಾಗಿ ತಣಿಸಿದ ಉಪಕರಣದ ಉಕ್ಕಿಗೆ ಈ ಅಳತೆಯಲ್ಲಿ ಸುಮಾರು 200, ಗಡಿಯಾರದ ಸ್ಪ್ರಿಂಗಿಗೆ ಸುಮಾರು 500, ಹೊಸ ಅರಕ್ಕೆ 800ರ ಆಸುಪಾಸು, ಅಂಗಡಿಯಲ್ಲಿ ಎಚ್.ಎಸ್.ಎಸ್. ಎಂದು ಮಾರುವ ಒಳ್ಳೆಯ ಬೈರಿಗೆಗೂ ಹೆಚ್ಚುಕಡಿಮೆ ಅಷ್ಟೆ. ಟಂಗ್‌ಸ್ಟನ್ ಕಾರ್ಬೈಡಿಗೆ ಸುಮಾರು 1500. ಅರಕ್ಕೆ ಬೈರಿಗೆ ಹಿಡಿಯುವುದು ಸಮಬಲರ ಕುಸ್ತಿಯೆಂಬುದು ಇದರಿಂದಲೇ ಸ್ಪಷ್ಟ. ಆದರೆ ಸ್ಪ್ರಿಂಗಿನ ವಿಷಯದಲ್ಲಿ ಬೈರಿಗೆಯೇ ಹೆಚ್ಚು ಗಟ್ಟಿ. ಆದರೂ ಹುಡುಗನ ಬೈರಿಗೆಗಳು ಸೋತುವೇಕೆ?

ಸಣ್ಣ ರಂಧ್ರದ ಕಷ್ಟವಿರುವುದು ಇಲ್ಲಿಯೇ. ಬೈರಿಗೆಯ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ತಿರುಚನ್ನು ತಡೆಯುವ ಅದರ ಶಕ್ತಿ ವ್ಯಾಸದ ಘನಕ್ಕೆ ಅನುಸಾರವಾಗಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನಿಂದ ಒತ್ತಿದಾಗ ಬಾಗದೆ ನಿಲ್ಲುವ ಶಕ್ತಿ, ಉದ್ದ ಅಷ್ಟೇ ಇದ್ದರೆ, ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ; ಇದು 18ನೆಯ ಶತಮಾನದ ಗಣಿತಜ್ಞ ಆಯ್ಲರನು ತೋರಿಸಿಕೊಟ್ಟ ನಿಯಮ. ಆದರೆ ಕತ್ತರಿಸುವ ಕೆಲಸದ ಹೊರೆ ಅಷ್ಟು ಬೇಗ ಇಳಿಯುವುದಿಲ್ಲ. ಹೀಗಾಗಿ 6 ಮಿಲಿಮೀಟರಿನ ಬೈರಿಗೆ ಸಹಿಸಿಕೊಳ್ಳುವ ಕೈನಡುಕವನ್ನು 3 ಮಿಲಿಮೀಟರಿನದು ಸಹಿಸದು. 1 ಮಿಲಿಮೀಟರಿನದಕ್ಕೆ ಉಸಿರು ಬಿಟ್ಟರೂ ಅಪಾಯ. ಗಟ್ಟಿ ಉಕ್ಕಿನ ಮೇಲೆ ಅಂಚು ಕಚ್ಚದೆ ಉಜ್ಜತೊಡಗುತ್ತದೆ. ಉಜ್ಜಿದ ಶಾಖಕ್ಕೆ ಅಗ್ಗದ ಬೈರಿಗೆಯ ಮೊನೆ ಹದ ಕಳೆದುಕೊಳ್ಳುತ್ತದೆ. ಮೊಂಡಾದ ಮೊನೆಗೆ ಇನ್ನೂ ಹೆಚ್ಚು ಒತ್ತಡ ಬೇಕಾಗುತ್ತದೆ. ಆ ಒತ್ತಡವನ್ನು ತಡೆಯಲು ಬೈರಿಗೆಗೆ ಮೈಯಿಲ್ಲ. ಕೊನೆಗೆ ಅದು ಮುರಿಯದೆ ಇನ್ನೇನು ಮಾಡೀತು?

ಇನ್ನೂ ಗಟ್ಟಿಯಾದ ಉಪಕರಣವನ್ನು ಹುಡುಕುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನೂರೈವತ್ತು ವರ್ಷಗಳ ಯಂತ್ರವಿದ್ಯೆಯ ಚರಿತ್ರೆಯಲ್ಲಿ ಬಹುಭಾಗ ಈ ಹುಡುಕಾಟವೇ. 1863ರಲ್ಲಿ ಅಮೆರಿಕದ ಸ್ಟೀಫನ್ ಮೋರ್ಸನು ಇಂದಿನ ಸುರುಳಿಗಾಡಿಯ ಬೈರಿಗೆಗೆ ಪೇಟೆಂಟ್ ಪಡೆದನು. ಅದೇ ದೇಶದ ಟೇಲರ್ ಮತ್ತು ವೈಟ್ ಎಂಬಿಬ್ಬರು ಸಿದ್ಧಪಡಿಸಿದ, ಮೊನೆ ಕೆಂಪಗೆ ಕಾದರೂ ಕತ್ತರಿಸುವ ಉಪಕರಣಗಳನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಂಡು ಇಂಜಿನಿಯರುಗಳು ಬೆರಗಾದರು. 1923ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಶ್ರೋಟರನು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಿಂದ ಬೆಸೆದು ಉಪಕರಣಗಳಿಗೊಂದು ಹೊಸ ಯುಗವನ್ನೇ ತೆರೆದನು. ಕಾರ್ಖಾನೆಯಲ್ಲಿ ಇವಿಲ್ಲದೆ ಇಂದು ಒಂದು ದಿನವೂ ಕೆಲಸ ಸಾಗದು.

ಆದರೆ ಮನೆಯ ಕಾರ್ಯಾಗಾರ ಕಾರ್ಖಾನೆಯಲ್ಲ. ಕಾರ್ಬೈಡು ಎಷ್ಟು ಕಠಿನವೋ ಅಷ್ಟೇ ಭಿದುರ. ಎಂದರೆ ಬಾಗುವ ಬದಲು ಒಡೆಯುವ ಸ್ವಭಾವದ್ದು. ಅದನ್ನು ಅಲುಗದ ಕಂಬಕ್ಕೆ ಕೂಡಿಸಿದ ಯಂತ್ರದಲ್ಲಿ ಹಿಡಿದರೆ ಬೆಣ್ಣೆಯಲ್ಲಿ ಹೊಕ್ಕಂತೆ ಗಟ್ಟಿ ಉಕ್ಕಿನಲ್ಲಿ ಹೊಗುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಹಾಕಿದರೆ ಕೂದಲೆಳೆಯಷ್ಟು ಓರೆಯಾದರೂ ತುಂಡಾಗುತ್ತದೆ. ನನ್ನ ವಿದ್ಯಾರ್ಥಿಗೆ ಅಂಥದೊಂದು ಬೈರಿಗೆ ಅಂದೇ ಸಿಕ್ಕಿದ್ದರೆ ಅವನ ಪೊಟ್ಟಣದಲ್ಲಿ ನಾಲ್ಕನೆಯ ಅವಶೇಷವೊಂದು ಸೇರುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಈಗ ಎರಡನೆಯ ದಾರಿಯನ್ನು ನೋಡೋಣ. ಉಕ್ಕಿನ ಗಟ್ಟಿತನ ಹುಟ್ಟುಗುಣವಲ್ಲ, ಕೊಟ್ಟ ಗುಣ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು. ಇಂಗಾಲ ಬೆರೆತ ಉಕ್ಕನ್ನು 727 ಡಿಗ್ರಿ ಸೆಲ್ಸಿಯಸಿಗಿಂತ ಮೇಲಕ್ಕೆ ಕಾಸಿದಾಗ ಕಬ್ಬಿಣದ ಪರಮಾಣುಗಳು ಹೊಸ ವಿನ್ಯಾಸದಲ್ಲಿ ನಿಲ್ಲತೊಡಗುತ್ತವೆ. ಆ ವಿನ್ಯಾಸದಲ್ಲಿ ಇಂಗಾಲಕ್ಕೆ ಧಾರಾಳವಾಗಿ ಸ್ಥಳವುಂಟು. ಆಗ ಒಮ್ಮೆಗೇ ನೀರಿಗೋ ಎಣ್ಣೆಗೋ ಅದ್ದಿದರೆ ಕಬ್ಬಿಣ ಹಳೆಯ ವಿನ್ಯಾಸಕ್ಕೆ ಮರಳಲು ಹವಣಿಸುತ್ತದೆ, ಆದರೆ ಇಂಗಾಲಕ್ಕೆ ಹೊರಬರಲು ವೇಳೆ ಸಾಲದು. ಸಿಕ್ಕಿಬಿದ್ದ ಇಂಗಾಲ ಪರಮಾಣುಗಳು ಜಾಲಕವನ್ನು ಹಿಗ್ಗಿಸಿ, ಪದರಗಳು ಜಾರದಂತೆ ತಡೆಯುತ್ತವೆ. ಜರ್ಮನಿಯ ಅಡಾಲ್ಫ್ ಮಾರ್ಟೆನ್ಸನ ನೆನಪಿಗಾಗಿ ಈ ರಚನೆಗೆ ಮಾರ್ಟೆನ್ಸೈಟ್ ಎಂದು ಹೆಸರು. ಗಟ್ಟಿ ಉಕ್ಕಿನ ಗುಟ್ಟೆಲ್ಲ ಹೀಗೆ ಸೆರೆಸಿಕ್ಕ ಇಂಗಾಲದಲ್ಲಿದೆ. ಮತ್ತೆ ಕಾಸಿದರೆ ಇಂಗಾಲಕ್ಕೆ ಚಲಿಸುವ ಶಕ್ತಿ ಬರುತ್ತದೆ, ಅದು ಸೆರೆಯಿಂದ ಹೊರಬಂದು ಕಣಗಳಾಗಿ ಒಟ್ಟುಗೂಡುತ್ತದೆ, ಉಕ್ಕು ಮೆತ್ತಗಾಗುತ್ತದೆ. ನಮ್ಮ ಹಳ್ಳಿಯ ಕಮ್ಮಾರನಿಗೆ ಪರಮಾಣುವಿನ ಹೆಸರು ಗೊತ್ತಿಲ್ಲದಿರಬಹುದು. ಆದರೆ ಹಳೆಯ ಅರದಿಂದ ಕತ್ತಿಯನ್ನೋ ಉಳಿಯನ್ನೋ ಮಾಡಬೇಕಾದಾಗ ಅದನ್ನು ಮೊದಲು ಕೆಂಪಗೆ ಕಾಸಿ ಬೂದಿಯಲ್ಲಿ ಹೂತಿಡಬೇಕೆಂಬುದು ಅವನಿಗೆ ಗೊತ್ತು.

ನಾವು ಮಾಡಿದ್ದೂ ಅದನ್ನೇ, ಸ್ವಲ್ಪ ಮಾರ್ಪಾಡಿನಿಂದ. ಸ್ಪ್ರಿಂಗಿನ ತುದಿ ಮಾತ್ರ ಮೆತ್ತಗಾಗಬೇಕು. ಉಳಿದ ಭಾಗ ಹದ ಕಳೆದುಕೊಂಡರೆ ಅದು ಸ್ಪ್ರಿಂಗಾಗಿಯೇ ಉಳಿಯದು. ಆದುದರಿಂದ ತುದಿಯಿಂದ ಎರಡು ಅಂಗುಲ ಬಿಟ್ಟು ಒದ್ದೆ ಬಟ್ಟೆಯನ್ನು ಸುತ್ತಿದೆವು. ತುದಿಯ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿ, ಪ್ರಯೋಗಶಾಲೆಯ ಬುನ್ಸೆನ್ ಜ್ವಾಲೆಗೆ ಹಿಡಿದೆವು. ಬಿಳಿಯ ಲೋಹದ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ ಬಣ್ಣಗಳು ಸಾಲಾಗಿ ಸರಿಯತೊಡಗಿದವು. ಇವು ಬಣ್ಣದ ಪದಾರ್ಥಗಳಲ್ಲ. ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾದ ಆಕ್ಸೈಡ್ ಪೊರೆಯಲ್ಲಿ ಬೆಳಕಿನ ಅಲೆಗಳು ಒಂದರೊಡನೊಂದು ಕೂಡುವುದರಿಂದ, ಸೋಪಿನ ಗುಳ್ಳೆಯಲ್ಲಿ ಆಗುವಂತೆಯೇ, ಇವು ತೋರುತ್ತವೆ. ಹುಲ್ಲುಹಳದಿ ಸುಮಾರು 225 ಡಿಗ್ರಿಯಲ್ಲಿ, ನೀಲಿ ಸುಮಾರು 300 ಡಿಗ್ರಿಯಲ್ಲಿ. ಉಷ್ಣಮಾಪಕವಿಲ್ಲದೆ ಉಕ್ಕೇ ತನ್ನ ಉಷ್ಣತೆಯನ್ನು ಬರೆದು ತೋರಿಸುತ್ತದೆ! ನೀಲಿಯ ಪಟ್ಟೆ ಎಲ್ಲಿ ನಿಂತಿತೋ ಅದರ ಆಚೆಗೆ ಸ್ಪ್ರಿಂಗಿನ ಹದ ಕೆಟ್ಟಿಲ್ಲವೆಂದು ತಿಳಿಯಬಹುದು.

ತುದಿಯ ಅರ್ಧ ಅಂಗುಲ ಮಂದವಾದ ಕೆಂಪು ಬಣ್ಣಕ್ಕೆ ಬಂದಾಗ ಅಲ್ಲಿಯೇ ನಿಲ್ಲಿಸಿದೆವು. ಇನ್ನೂ ಮೇಲಕ್ಕೆ, 727 ಡಿಗ್ರಿಯನ್ನು ದಾಟಿಸಿ, ಜ್ವಾಲೆಯಿಂದ ಫಕ್ಕನೆ ಹೊರಗೆಳೆದಿದ್ದರೆ ತೆಳು ತಗಡು ಗಾಳಿಯಲ್ಲೇ ಬೇಗ ತಣಿದು ಮತ್ತೆ ಗಟ್ಟಿಯಾಗುವ ಭಯವುಂಟು. ಆದುದರಿಂದ ಜ್ವಾಲೆಯಿಂದ ಅಂಗುಲ ಅಂಗುಲವಾಗಿ ಮೇಲಕ್ಕೆ ಸರಿಸಿ, ನಿಧಾನವಾಗಿ ತಣಿಸಿದೆವು. ಅನಂತರ ಅರದ ಮೂಲೆಯನ್ನು ಎಳೆದು ನೋಡಿದೆವು. ಮೊದಲು ಗಾಜಿನ ಮೇಲೆ ಜಾರಿದಂತೆ ಜಾರುತ್ತಿದ್ದ ಅರ ಈಗ ಕಚ್ಚಿತು. ಮನೆಯಲ್ಲಿ ಮಾಡಬಹುದಾದ ಕಾಠಿನ್ಯ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ: ಅರ ಚೆನ್ನಾಗಿ ಕಚ್ಚಿದರೆ ಬೈರಿಗೆಯೂ ಕಚ್ಚುತ್ತದೆ, ಅರ ಜಾರಿದರೆ ಬೈರಿಗೆಯನ್ನು ಪೆಟ್ಟಿಗೆಯಲ್ಲೇ ಇಟ್ಟಿರಬೇಕು.

ಉಳಿದದ್ದು ಸಾಮಾನ್ಯ ಕೆಲಸ. ಸೆಂಟರ್ ಪಂಚಿನಿಂದ ಸಣ್ಣ ಗುಳಿ. ಅಡಿಗೆ ಮರದ ತುಂಡು. ಎರಡನ್ನೂ ಸೇರಿಸಿ ವೈಸಿನಲ್ಲಿ ಬಿಗಿದದ್ದು. ಒಂದು ಹನಿ ಎಣ್ಣೆ. ನಿಮಿಷಕ್ಕೆ ಸುಮಾರು 1000 ಸುತ್ತು. ನಾಲ್ಕನೆಯ ಬೈರಿಗೆ, ಅದೇ ಅಂಗಡಿಯ ಅದೇ ಬಗೆಯದು, ಒಂದು ನಿಮಿಷದೊಳಗೆ ಆಚೆಗೆ ಹೊರಟಿತು. ಹುಡುಗನು ಬೈರಿಗೆಯನ್ನು ಕಣ್ಣ ಬಳಿಗೆ ಹಿಡಿದು ಅದರ ಮೊನೆ ನೀಲಿಗಟ್ಟಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿದನು. ಅದು ಹೊಸದಾಗಿಯೇ ಇತ್ತು.

ರಂಧ್ರ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎಳೆತಕ್ಕೆ ಒಳಗಾದ ಅಗಲವಾದ ತಗಡಿನಲ್ಲಿ ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಒತ್ತಡ ಸುಮಾರು ಮೂರು ಪಟ್ಟಾಗುತ್ತದೆಂದು 1898ರಲ್ಲಿ ಜರ್ಮನಿಯ ಇಂಜಿನಿಯರ್ ಕಿರ್ಶ್ ಗಣಿತದಿಂದ ತೋರಿಸಿದನು. ಅಂಚಿನಲ್ಲಿ ಒಂದು ಗೀರು ಉಳಿದರೆ ಅದಕ್ಕಿಂತಲೂ ಹೆಚ್ಚು. ಹಳೆಯ ರಂಧ್ರದ ಬಳಿಯೇ ಸ್ಪ್ರಿಂಗು ಮುರಿದದ್ದು ಆಕಸ್ಮಿಕವಲ್ಲವೆಂಬುದು ಇಲ್ಲಿ ತಿಳಿಯುತ್ತದೆ. ಆದುದರಿಂದ ಸಣ್ಣ ದುಂಡು ಅರದಿಂದಲೂ ಎಮರಿ ಕಾಗದದಿಂದಲೂ ಅಂಚನ್ನು ನುಣ್ಣಗೆ ಮಾಡಿದೆವು. ತುದಿಯನ್ನು ಮತ್ತೆ ಗಟ್ಟಿಮಾಡಲಿಲ್ಲ. ಅಲ್ಲಿ ಉಕ್ಕು ಒಡೆಯುವುದಕ್ಕಿಂತ ಕೊಂಚ ಮಣಿಯುವುದೇ ಮೇಲು. ಗಟ್ಟಿ ಉಕ್ಕಿಗೆ ಬಲಾತ್ಕಾರದಿಂದ ತೂತು ಮಾಡಿದ್ದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಉಳಿದು, ಗಡಿಯಾರ ಮತ್ತೆ ಕೆಲವೇ ದಿನಗಳಲ್ಲಿ ನಿಲ್ಲುತ್ತಿತ್ತೇನೋ.

ಈ ಕ್ರಮ ಎಲ್ಲ ಉಕ್ಕಿಗೂ ಸಲ್ಲುವುದೆಂದು ಯಾರೂ ಭ್ರಮಿಸಬಾರದು. ಬೈರಿಗೆ, ಯಂತ್ರದ ಗರಗಸದ ಅಲಗು ಮುಂತಾದವುಗಳ ಎಚ್.ಎಸ್.ಎಸ್. ಉಕ್ಕು 550 ಡಿಗ್ರಿಯ ಆಸುಪಾಸಿನಲ್ಲೂ ಹದ ಬಿಡದು. ಅದನ್ನು ಮೆತ್ತಗೆ ಮಾಡುವುದು ಮನೆಯ ಜ್ವಾಲೆಯ ಕೆಲಸವಲ್ಲ. ಕೆಲವು ವಸ್ತುಗಳಲ್ಲಿ ಮೇಲುಪದರ ಮಾತ್ರ ಗಟ್ಟಿಯಾಗಿರುತ್ತದೆ. ಅಲ್ಲಿ ಸಾಣೆಕಲ್ಲಿನಿಂದ ಆ ಪದರವನ್ನು ತೆಗೆದರೆ ಒಳಗಿನ ಮೆತ್ತನೆಯ ಉಕ್ಕನ್ನು ಸಾಧಾರಣ ಬೈರಿಗೆಯೇ ಕೊರೆಯುತ್ತದೆ. ಕಾಸಲೇಬಾರದ ವಸ್ತುವಾದರೆ ಮೂರನೆಯ ದಾರಿಯೊಂದುಂಟು: ಮೆತ್ತನೆಯ ತಾಮ್ರದ ಕೊಳವೆಯನ್ನು ತಿರುಗಿಸುತ್ತ ಅದರ ತುದಿಗೆ ಎಣ್ಣೆಯಲ್ಲಿ ಕಲಸಿದ ಕುರುಂದದ ಪುಡಿಯನ್ನು ಊಡುವುದು. ಹರಳುಗಳು ತಾಮ್ರದಲ್ಲಿ ನಾಟಿಕೊಂಡು ಉಕ್ಕನ್ನು ತೇಯುತ್ತವೆ. ಕೆಲಸ ನಿಧಾನ, ಆದರೆ ಖಂಡಿತ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ದಕ್ಷಿಣ ಭಾರತದ ಈ ಕುರುಂದದಿಂದಲೇ ಬಂದದ್ದು. ಇನ್ನು ಕಾರ್ಖಾನೆಗಳಲ್ಲಿ ವಿದ್ಯುತ್ಕಿಡಿಗಳಿಂದಲೇ ಉಕ್ಕನ್ನು ಸವೆಸಿ ರಂಧ್ರ ಮಾಡುತ್ತಾರೆ. 1943ರಲ್ಲಿ ಮಾಸ್ಕೋದ ಲಜರೆಂಕೊ ದಂಪತಿಗಳು, ಕಿಡಿಗಳಿಂದ ವಿದ್ಯುತ್ ಸಂಪರ್ಕಗಳು ಸವೆಯುವುದನ್ನು ತಡೆಯುವ ಸಂಶೋಧನೆಯಲ್ಲಿ ತೊಡಗಿದ್ದಾಗ, ಆ ಸವೆತವನ್ನೇ ಉಪಯೋಗಕ್ಕೆ ತಿರುಗಿಸಿದರು. ಕಿಡಿಗೆ ಕಾಠಿನ್ಯದ ಪರಿವೆಯೇ ಇಲ್ಲ. ಆದರೆ ಸೀಮೆಎಣ್ಣೆಯಂಥ ದ್ರವ, ಅಪಾಯಕರ ವಿದ್ಯುತ್ತು, ಕಿಡಿ ಮೂರೂ ಒಂದೆಡೆ ಸೇರುವ ಈ ಕೆಲಸವನ್ನು ಮನೆಯಲ್ಲಿ ಮಾಡಬಾರದು.

“ಇಷ್ಟೆಲ್ಲ ತೊಂದರೆ ಏಕೆ? ಹೊಸ ಸ್ಪ್ರಿಂಗನ್ನೇ ಕೊಂಡರಾಯಿತು” ಎನ್ನುವವರಿದ್ದಾರೆ. ಗಡಿಯಾರದ ಮಟ್ಟಿಗೆ ಆ ಮಾತು ಸರಿಯಿರಲೂಬಹುದು. ಆದರೆ ವಿದ್ಯಾರ್ಥಿಯ ಮಟ್ಟಿಗೆ ಸರಿಯಲ್ಲ. ಜಾಲಕದ ರಚನೆ, ಉಷ್ಣದಿಂದ ಪರಮಾಣುಗಳ ಚಲನೆ, ಬೆಳಕಿನ ವ್ಯತಿಕರಣ, ಒತ್ತಡದ ಹಂಚಿಕೆ: ಇವು ನಾಲ್ಕು ಬೇರೆ ಬೇರೆ ಅಧ್ಯಾಯಗಳೆಂದು ನಾವು ಕಲಿಸುತ್ತೇವೆ. ಒಂದು ಮಧ್ಯಾಹ್ನದಲ್ಲಿ, ಅರ್ಧ ಅಂಗುಲದ ಉಕ್ಕಿನಲ್ಲಿ, ಈ ನಾಲ್ಕೂ ಆ ಹುಡುಗನ ಎದುರಿಗೆ ಬಂದು ನಿಂತವು. ಇಂಥ ಅಭ್ಯಾಸಕ್ಕೆ ಕಾಲೇಜು ವ್ಯಯಮಾಡಬೇಕಾದ್ದು ಹೆಚ್ಚೇನೂ ಇಲ್ಲ: ಒಂದು ಗಟ್ಟಿ ಮೇಜು, ಒಂದು ವೈಸು, ಕಂಬಕ್ಕೆ ಕೂಡಿಸಿದ ಬೈರಿಗೆ ಯಂತ್ರ, ಕೆಲವು ಅರಗಳು. ಬುನ್ಸೆನ್ ಜ್ವಾಲೆ ಆಗಲೇ ಇದೆ. ಯಂಗನ ಗುಣಾಂಕವನ್ನು ಅಳೆಯುವ ಪ್ರಯೋಗದ ಪಕ್ಕದಲ್ಲಿ, ಅದೇ ಉಕ್ಕನ್ನು ಮೆತ್ತಗೆ ಮಾಡಿ ಕೊರೆಯುವ ಪ್ರಯೋಗವೊಂದನ್ನು ಪಟ್ಟಿಗೆ ಸೇರಿಸಬೇಕೆಂದು ನಾನು ನನ್ನ ಸಹೋದ್ಯೋಗಿಗಳನ್ನು ಪ್ರಾರ್ಥಿಸುತ್ತೇನೆ. ಮಕ್ಕಳು ಮನೆಯಲ್ಲಿ ಹೇಗೂ ಬೈರಿಗೆ ಹಿಡಿಯುತ್ತಾರೆ. ನಾವು ಕಲಿಸದಿದ್ದರೆ ಮುರಿದ ಬೈರಿಗೆಯ ಚೂರು ಕಲಿಸುತ್ತದೆ.

ಮನೆಯಲ್ಲಿ ಪ್ರಯತ್ನಿಸುವ ವಿದ್ಯಾರ್ಥಿಮಿತ್ರರಿಗೆ ನಾಲ್ಕು ಮಾತು. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಬೈರಿಗೆಯ ಗುಂಡಿಯನ್ನು ಒತ್ತಬೇಡಿ. ತಗಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಮೊನೆ ಆಚೆಗೆ ಹೊರಡುವ ಕ್ಷಣದಲ್ಲಿ ಅದು ತಗಡನ್ನು ಕಚ್ಚಿ ಗರಗರನೆ ತಿರುಗಿಸಿ ಬೆರಳನ್ನು ಕತ್ತರಿಸುತ್ತದೆ. ಸತುವಿನ ಲೇಪವಿರುವುದನ್ನೂ ಮುಚ್ಚಿದ ಕೊಳವೆ ಡಬ್ಬಿಗಳನ್ನೂ ಬೆಂಕಿಗೆ ಹಿಡಿಯಬೇಡಿ. ಮೊದಲನೆಯದರ ಹೊಗೆ ವಿಷ, ಎರಡನೆಯದು ಸಿಡಿಯುತ್ತದೆ. ಕೀಲಿ ತುಂಬಿರುವ ಗಡಿಯಾರವನ್ನು ಬಿಚ್ಚಲೇಬೇಡಿ. ಸುತ್ತಿಕೊಂಡಿರುವ ಸ್ಪ್ರಿಂಗು ಒಮ್ಮೆಗೇ ಬಿಚ್ಚಿಕೊಂಡರೆ ಅಂಗೈಯನ್ನು ಸೀಳಬಲ್ಲದು. ಅದನ್ನು ಸಡಿಲಿಸುವ ಕ್ರಮವನ್ನು ಗಡಿಯಾರ ರಿಪೇರಿಯವರ ಬಳಿ ಕುಳಿತು ಕಣ್ಣಾರೆ ನೋಡಿ ಕಲಿಯಿರಿ.

ಹುಡುಗನ ಹುಬ್ಬಿನ ಗಾಯ ಮಾಯಿತು, ಕಲೆ ಉಳಿದಿದೆ. ಮೊನ್ನೆ ಅವನ ಮನೆಗೆ ಹೋಗುವ ಸಂದರ್ಭ ಒದಗಿದಾಗ ಗಡಿಯಾರ ನಡೆಯುತ್ತಿತ್ತು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆಂದು ಅವನ ಅಜ್ಜ ದೂರಿದರು. ಅದಕ್ಕೆ ಕಾರಣ ಸ್ಪ್ರಿಂಗಲ್ಲ, ಲೋಲಕದ ಉದ್ದ ಎಂದು ಹುಡುಗನೇ ಉತ್ತರ ಕೊಟ್ಟು, ಲೋಲಕದ ತಿರುಪನ್ನು ಅರ್ಧ ಸುತ್ತು ಮೇಲಕ್ಕೆ ತಿರುಗಿಸಿದನು.